ಹೆದರುವ ಬೆಕ್ಕಿನ ಉಗುರು ಕತ್ತರಿಸುವ ಬಗೆ

ಬೆಕ್ಕಿಗೆ ಸಾಮಾನ್ಯವಾಗಿ 18 ಉಗುರುಗಳು: ಮುಂಗಾಲುಗಳಲ್ಲಿ ತಲಾ ಐದು, ಹಿಂಗಾಲುಗಳಲ್ಲಿ ತಲಾ ನಾಲ್ಕು. ಸುಮ್ಮನೆ ಕುಳಿತಾಗ ಇವು ಬೆರಳಿನೊಳಗೆ ಅಡಗಿರುತ್ತವೆ. ಮರ ಹತ್ತುವಾಗ, ಬೇಟೆಯಾಡುವಾಗ, ಕಾದಾಡುವಾಗ ಹೊರಬರುತ್ತವೆ. ಓಡಿ ಪಾರಾಗಲು ಬೇಕಾದ ಕಾಲನ್ನೇ ಯಾರಾದರೂ ಬಿಗಿಯಾಗಿ ಹಿಡಿದರೆ ಬೆಕ್ಕು ಗಾಬರಿಯಾಗುವುದು ಸಹಜ. ಎಷ್ಟೋ ಬೆಕ್ಕುಗಳು ಕತ್ತರಿಗಿಂತ ಈ ಹಿಡಿತಕ್ಕೇ ಹೆಚ್ಚು ಹೆದರುತ್ತವೆ.

ಮನೆಯೊಳಗೇ ಇರುವ ಬೆಕ್ಕಿಗೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ಉಗುರಿನ ತುದಿ ತೆಗೆದರೆ ಸಾಕು. ಹಿತ್ತಿಲು, ಬೀದಿ ಸುತ್ತುವ ಬೆಕ್ಕಿಗೆ ನಾಯಿಗಳಿಂದ ಪಾರಾಗಲು ಉಗುರು ಬೇಕೇ ಬೇಕು. ಅದರ ಉಗುರನ್ನು ಹಾಗೇ ಬಿಡುವುದು ಲೇಸು. ವಯಸ್ಸಾದ ಬೆಕ್ಕಿನ ವಿಷಯದಲ್ಲಿ ಮಾತ್ರ ಉದಾಸೀನ ಸಲ್ಲದು. ಅದು ಹಲಗೆ, ಗೋಣಿ ಗೀರುವುದನ್ನು ಕಡಿಮೆ ಮಾಡುವುದರಿಂದ ಉಗುರು ದಪ್ಪವಾಗುತ್ತದೆ. ನೆಲಕ್ಕೆ ತಾಗದ ಮುಂಗಾಲಿನ ಒಳಬದಿಯ ಉಗುರಂತೂ ಸುತ್ತಿ ಬೆಳೆದು ಅಂಗಾಲಿನ ಮೆತ್ತೆಗೇ ಚುಚ್ಚಿಕೊಳ್ಳಬಹುದು.

ಕತ್ತರಿ ಕೈಗೆತ್ತಿಕೊಳ್ಳುವ ಮುನ್ನ ಕೆಲವು ದಿನ ಸ್ಪರ್ಶದ ಅಭ್ಯಾಸವಾಗಬೇಕು. ಬೆಕ್ಕು ಉಂಡು ತೂಕಡಿಸುವ ಹೊತ್ತು ಇದಕ್ಕೆ ಒಳ್ಳೆಯದು. ಮೊದಲು ಭುಜ ಸವರಿ, ಕೈಯನ್ನು ಕಾಲಿಗಿಳಿಸಿ, ಪಂಜವನ್ನು ಒಂದು ಕ್ಷಣ ಮುಟ್ಟಿ ಬಿಡಬೇಕು. ಕೂಡಲೇ ಅದಕ್ಕಿಷ್ಟವಾದ ತಿನಿಸು ಕೊಡಬೇಕು. ಉಪ್ಪು, ಈರುಳ್ಳಿ, ಬೆಳ್ಳುಳ್ಳಿ ಹಾಕದೆ ಬೇಯಿಸಿದ ಕೋಳಿಮಾಂಸದ ಚೂರು ಆದೀತು. ಬೆಕ್ಕು ಕಾಲೆಳೆದುಕೊಂಡರೆ ಬಿಟ್ಟುಬಿಡಬೇಕು. ಕಾಲು ಎಳೆದರೆ ಬಿಡುತ್ತಾರೆಂಬ ನಂಬಿಕೆ ಹುಟ್ಟಿದ ಮೇಲೆ ಅದು ಎಳೆಯುವುದೇ ಕಡಿಮೆಯಾಗುತ್ತದೆ. ಮುಂದೆ ಬೆರಳನ್ನು ಮೆಲ್ಲಗೆ ಒತ್ತಿ ಉಗುರು ಹೊರತರುವುದು, ಕತ್ತರಿಯನ್ನು ಮೂಸಲು ಬಿಡುವುದು. ಬೆಕ್ಕಿನ ಬಳಿ ಒಣ ಶಾವಿಗೆಯ ಎಳೆಯೊಂದನ್ನು ಕತ್ತರಿಸಿ ತಿನಿಸು ಕೊಟ್ಟರೆ ಕಟಕ್ಕೆನ್ನುವ ಸದ್ದೂ ರೂಢಿಯಾಗುತ್ತದೆ.

ಉಗುರಿನೊಳಗೆ ಕಾಣುವ ಗುಲಾಬಿ ಭಾಗದಲ್ಲಿ ರಕ್ತನಾಳ, ನರಗಳಿವೆ. ಅದರಿಂದ ಸುಮಾರು 2 ಮಿಲಿಮೀಟರ್ ಬಿಟ್ಟು, ಚೂಪು ತುದಿಯನ್ನಷ್ಟೇ ತೆಗೆಯಬೇಕು. ಉಗುರು ಕಪ್ಪಾಗಿದ್ದರೆ ಬಾಗಿದ ಕೊನೆಯನ್ನು ತೆಗೆದರೆ ಸಾಕು. ಮೊಂಡು ಕತ್ತರಿ ಉಗುರನ್ನು ಹಿಸುಕಿ ಸೀಳುತ್ತದೆ, ಒಮ್ಮೆ ನೊಂದ ಬೆಕ್ಕು ಅದನ್ನು ಮರೆಯುವುದು ಕಷ್ಟ. ದಿನಕ್ಕೊಂದೇ ಉಗುರಾದರೂ ಅಡ್ಡಿಯಿಲ್ಲ. ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಬೇಕೆಂಬ ಆತುರವೇ ಹೆಚ್ಚಿನ ಜಗಳಗಳಿಗೆ ಕಾರಣ.

ಕಿವಿ ಹಿಂದಕ್ಕೆ ಚಪ್ಪಟೆಯಾಗುವುದು, ಬಾಲ ಬಡಿಯುವುದು, ಕಣ್ಣಿನ ಪಾಪೆ ಅಗಲವಾಗುವುದು, ಬೆನ್ನಿನ ಚರ್ಮ ಅದುರುವುದು — ಇವು ಕಂಡರೆ ಅಂದಿಗೆ ನಿಲ್ಲಿಸಬೇಕು. ಹೆಗ್ಗತ್ತಿನ ಚರ್ಮ ಹಿಡಿದೆತ್ತುವ ಹಳೆಯ ರೂಢಿಯಿಂದ ಬೆಕ್ಕು ಮರಗಟ್ಟಿದಂತೆ ಸುಮ್ಮನಾಗಬಹುದು, ಭಯ ಮಾತ್ರ ಹೆಚ್ಚುತ್ತದೆ. ಕೆಲವು ಬೆಕ್ಕುಗಳು ಟವೆಲಿನಲ್ಲಿ ಸಡಿಲವಾಗಿ ಸುತ್ತಿ ಒಂದೇ ಕಾಲು ಹೊರಗಿಟ್ಟರೆ ಒಪ್ಪುತ್ತವೆ. ಅದರೊಳಗೂ ಒದ್ದಾಡುವ ಬೆಕ್ಕನ್ನು ಬಿಡಿಸಲೇಬೇಕು.

ಉಗುರಿನಿಂದ ರಕ್ತ ಬಂದರೆ ಕಾರ್ನ್‌ಫ್ಲೋರ್ ಒತ್ತಿ ಕೆಲವು ನಿಮಿಷ ಹಿಡಿದರೆ ನಿಲ್ಲುತ್ತದೆ. ಬೆಕ್ಕು ಕಚ್ಚಿದರೆ ಅಥವಾ ರಕ್ತ ಬರುವಂತೆ ಪರಚಿದರೆ ಗಾಯವನ್ನು ಸೋಪು ಹಚ್ಚಿ 15 ನಿಮಿಷ ಹರಿವ ನೀರಿನಲ್ಲಿ ತೊಳೆದು, ರೇಬೀಸ್ ಲಸಿಕೆಯ ಬಗ್ಗೆ ವೈದ್ಯರನ್ನು ಕೇಳಬೇಕು. ಯಾವುದಕ್ಕೂ ಒಗ್ಗದ ಬೆಕ್ಕಿಗೆ ಪಶುವೈದ್ಯರು ಗ್ಯಾಬಪೆಂಟಿನ್‌ನಂಥ ಔಷಧಿಯನ್ನು ಮುಂಚಿತವಾಗಿ ಕೊಡಲು ಬರೆದುಕೊಡುವುದುಂಟು. ಅವರನ್ನು ಕೇಳದೆ ಮನುಷ್ಯರ ಮಾತ್ರೆ ಕೊಡಬಾರದು. ಪ್ಯಾರಾಸಿಟಮಾಲ್‌ನ ಒಂದೇ ಮಾತ್ರೆ ಬೆಕ್ಕಿನ ಪ್ರಾಣ ತೆಗೆಯಬಲ್ಲದು.