ಗಾಳಿಯಿಂದ ತಿರುಗುವ ಸಾಣೆ

ಕಾಲಿನಿಂದ ಚಕ್ರವನ್ನು ತುಳಿಯುತ್ತ ಕತ್ತಿ ಕತ್ತರಿಗಳನ್ನು ಮಸೆದುಕೊಡುತ್ತಿದ್ದ ಬೀದಿಯ ಸಾಣೆಯವನು ಈಗ ಅಪರೂಪವಾಗಿದ್ದಾನೆ. ಅವನ ಚಕ್ರ ಮಾತ್ರ ಬೇರೆ ರೂಪದಲ್ಲಿ ಬಾಳುತ್ತಿದೆ. ಮೋಟಾರು ದುರಸ್ತಿಯ ಕಮ್ಮಟಗಳಲ್ಲಿ, ಹಡಗು ಕಟ್ಟುವಲ್ಲಿ, ಕಲ್ಲನ್ನು ನಯಗೊಳಿಸುವಲ್ಲಿ ಒಂದು ಕೈಯಗಲದ ಬಿಲ್ಲೆಯೊಂದು ಕಿಡಿಗಳನ್ನು ಚಿಮ್ಮಿಸುತ್ತ ಕಬ್ಬಿಣವನ್ನು ಕತ್ತರಿಸುವುದನ್ನೂ, ಉಪ್ಪುಕಾಗದದ ಬಿಲ್ಲೆಯನ್ನು ತೊಡಿಸಿದಾಗ ಅದೇ ಯಂತ್ರ ಮೇಲ್ಮೈಯನ್ನು ಕನ್ನಡಿಯಂತೆ ಉಜ್ಜುವುದನ್ನೂ ಕಾಣಬಹುದು. ಅದನ್ನು ತಿರುಗಿಸುವುದು ರಬ್ಬರು ಕೊಳವೆಯಲ್ಲಿ ಬರುವ ಅದುಮಿದ ಗಾಳಿ.

ವಿದ್ಯುತ್ತಿನಿಂದ ನಡೆಯುವ ಯಂತ್ರಗಳಿರುವಾಗ ಗಾಳಿಯ ಗೊಡವೆ ಏಕೆ? ಒದ್ದೆಯಾದ ಕಲ್ಲಿನ ಮೇಲೆ ಕೆಲಸಮಾಡುವಾಗ ಇದರಿಂದ ವಿದ್ಯುದಾಘಾತದ ಭಯವಿಲ್ಲ. ಭಾರ ಹೆಚ್ಚಾಗಿ ಯಂತ್ರ ನಿಂತುಹೋದರೂ ಸುರುಳಿಗಳು ಸುಟ್ಟುಹೋಗುವ ಪ್ರಶ್ನೆಯಿಲ್ಲ. ಮೇಲಾಗಿ ಯಂತ್ರ ಹಗುರ. ಆದಕಾರಣ ಇದು ಸಾಧುಯಂತ್ರವೆಂಬ ಭಾವನೆ ಮೂಡುವುದು ಸಹಜ. ಆದರೆ ಇದರ ಅಪಾಯವೆಲ್ಲ ವೇಗದಲ್ಲಿ ಅಡಗಿದೆ. ವೇಗದ ಲೆಕ್ಕವನ್ನು ಒಮ್ಮೆ ಅರಿತರೆ, ಎಚ್ಚರಿಕೆಯ ನಿಯಮಗಳು ಬಹುಮಟ್ಟಿಗೆ ತಾವಾಗಿಯೇ ಹೊಳೆಯುತ್ತವೆ.

ಒಳಗಿನ ರಚನೆ

ಒರಳಿನೊಳಗೆ ಗುಂಡುಕಲ್ಲು ಒಂದು ಬದಿಗೆ ಒರಗಿ ನಿಂತಿರುವುದನ್ನು ಕಲ್ಪಿಸಿಕೊಳ್ಳಿ. ಇನ್ನೊಂದು ಬದಿಯಲ್ಲಿ ಚಂದ್ರಕಲೆಯ ಆಕಾರದ ಎಡೆ ಉಳಿಯುತ್ತದೆ. ಗಾಳಿಯ ಮೋಟಾರಿನಲ್ಲಿಯೂ ಉರುಳೆಯೊಂದು ಸಿಲಿಂಡರಿನ ನಡುವೆ ಇರದೆ ಹೀಗೆಯೇ ಓರೆಯಾಗಿರುತ್ತದೆ. ಉರುಳೆಯ ಸೀಳುಗಳಲ್ಲಿ ಜಾರಾಡುವ ನಾಲ್ಕೈದು ತೆಳುವಾದ ರೆಕ್ಕೆಗಳು, ಉರುಳೆ ತಿರುಗಿದಾಗ ಹೊರಕ್ಕೆ ಸರಿದು ಗೋಡೆಗೆ ಒತ್ತಿಕೊಳ್ಳುತ್ತವೆ. ಎಡೆ ಕಿರಿದಾಗಿರುವಲ್ಲಿ ಒಳನುಗ್ಗಿದ ಗಾಳಿ, ಅಗಲವಾದ ಕಡೆಗೆ ಹಿಗ್ಗುತ್ತ ರೆಕ್ಕೆಗಳನ್ನು ತಳ್ಳಿ, ತನ್ನ ಕೆಲಸ ಮುಗಿಸಿ ಹೊರಬೀಳುತ್ತದೆ. ಸಾಮಾನ್ಯವಾಗಿ ಈ ಗಾಳಿಯ ಒತ್ತಡ 6.3 ಬಾರ್, ಅಂದರೆ ಹೊರಗಿನ ವಾತಾವರಣದ ಒತ್ತಡಕ್ಕಿಂತ ಸುಮಾರು ಆರು ಪಟ್ಟು ಅಧಿಕ.

ವೇಗದ ಲೆಕ್ಕ

125 ಮಿಲಿಮೀಟರ್ ವ್ಯಾಸದ ಬಿಲ್ಲೆ ನಿಮಿಷಕ್ಕೆ 12,000 ಸುತ್ತು ತಿರುಗುತ್ತಿದೆಯೆಂದು ಭಾವಿಸೋಣ. ಪರಿಧಿಯನ್ನು ಸುತ್ತುಗಳ ಸಂಖ್ಯೆಯಿಂದ ಗುಣಿಸಿದರೆ ಅಂಚಿನ ವೇಗ ಸೆಕೆಂಡಿಗೆ 78.5 ಮೀಟರ್ ಎಂದು ದೊರೆಯುತ್ತದೆ. ಅದು ಗಂಟೆಗೆ ಸುಮಾರು 280 ಕಿಲೋಮೀಟರ್. ವೇಗದ ವರ್ಗವನ್ನು ತ್ರಿಜ್ಯದಿಂದ ಭಾಗಿಸಿ ಕೇಂದ್ರಾಭಿಮುಖ ವೇಗೋತ್ಕರ್ಷವನ್ನು ಕಂಡುಹಿಡಿದರೆ, ಅದು ಗುರುತ್ವದ ವೇಗೋತ್ಕರ್ಷದ ಹತ್ತು ಸಾವಿರ ಪಟ್ಟು! ಅಂಚಿನಲ್ಲಿರುವ ಒಂದು ಗ್ರಾಂ ತೂಕದ ಚೂರನ್ನು ಬಿಲ್ಲೆ ಹತ್ತು ಕಿಲೋಗ್ರಾಂ ತೂಕದಷ್ಟು ಬಲದಿಂದ ಹಿಡಿದಿಟ್ಟುಕೊಳ್ಳಬೇಕು. ಬಿಲ್ಲೆಯಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೆ ಈ ಹಿಡಿತ ಸಡಿಲವಾಗುತ್ತದೆ. ಸಡಿಲವಾದ ಚೂರು ಆ ವೇಗದಲ್ಲಿಯೇ ಹಾರುತ್ತದೆ.

ಇಂಥ ಬಿಲ್ಲೆಗಳ ಮೇಲೆ ಸಾಮಾನ್ಯವಾಗಿ ಸೆಕೆಂಡಿಗೆ 80 ಮೀಟರ್ ಎಂಬ ಮಿತಿಯನ್ನೂ, ಅದಕ್ಕೆ ತಕ್ಕ ಸುತ್ತುಗಳ ಸಂಖ್ಯೆಯನ್ನೂ ಮುದ್ರಿಸಿರುತ್ತಾರೆ. 75 ಮಿಲಿಮೀಟರಿನ ಬಿಲ್ಲೆಗಾಗಿ ಮಾಡಿದ ಚಿಕ್ಕ ಯಂತ್ರ ನಿಮಿಷಕ್ಕೆ 20,000 ಸುತ್ತು ತಿರುಗಿದರೂ ಅಂಚಿನ ವೇಗ ಈ ಮಿತಿಯೊಳಗೇ ಇರುತ್ತದೆ. ಆದರೆ ಯಾರಾದರೂ ಅದರ ರಕ್ಷಾಕವಚವನ್ನು ಕಳಚಿ 125 ಮಿಲಿಮೀಟರಿನ ಬಿಲ್ಲೆಯನ್ನು ತೊಡಿಸಿದರೆ ಅಂಚಿನ ವೇಗ ಸೆಕೆಂಡಿಗೆ 131 ಮೀಟರ್ ಆಗುತ್ತದೆ. ಬಲವು ಸುತ್ತುಗಳ ವರ್ಗವನ್ನು ಅನುಸರಿಸುವುದರಿಂದ, ಹತ್ತು ಕಿಲೋಗ್ರಾಂ ಇದ್ದ ಸೆಳೆತ ಸುಮಾರು ಇಪ್ಪತ್ತೆಂಟು ಕಿಲೋಗ್ರಾಂ ಆಗುತ್ತದೆ. ಕವಚವನ್ನು ತೆಗೆಯಬಾರದೆಂಬ ನಿಯಮದ ಮರ್ಮ ಇದೇ: ಒಡೆದ ಚೂರುಗಳನ್ನು ಅದು ತಡೆಯುತ್ತದೆ, ದೊಡ್ಡ ಬಿಲ್ಲೆಗೆ ಎಡೆಯನ್ನೂ ಕೊಡುವುದಿಲ್ಲ.

ನೀರು ಎಂಬ ಶತ್ರು

ಕೆಲಸದಿಂದ ಎತ್ತಿದ ಒಡನೆ ಭಾರ ಕಳೆದ ಬಿಲ್ಲೆ ಮಿತಿಮೀರಿ ಓಡಲು ತವಕಿಸುತ್ತದೆ. ಅದನ್ನು ತಡೆಯಲು ಅನೇಕ ಯಂತ್ರಗಳಲ್ಲಿ ವೇಗನಿಯಂತ್ರಕವಿದೆ. 1788ರಲ್ಲಿ ಜೇಮ್ಸ್ ವಾಟ್ ತನ್ನ ಉಗಿಯಂತ್ರಕ್ಕೆ ಅಳವಡಿಸಿದ ತತ್ತ್ವವೇ ಇಲ್ಲಿಯೂ ಇದೆ. ವೇಗ ಹೆಚ್ಚಿದಂತೆ ಪುಟ್ಟ ತೂಕಗಳು ಹೊರಕ್ಕೆ ಸರಿದು ಗಾಳಿಯ ದಾರಿಯನ್ನು ಕಿರಿದುಗೊಳಿಸುತ್ತವೆ. ಈ ತೂಕಗಳು ತುಕ್ಕುಹಿಡಿದು ಅಂಟಿಕೊಂಡರೆ, ಭಾರವಿರುವಾಗ ಏನೂ ತಿಳಿಯದು. ಬಿಲ್ಲೆಯನ್ನು ಎತ್ತಿದಾಗ ಅನರ್ಥವಾದೀತು.

ತುಕ್ಕಿಗೆ ನೀರು ಎಲ್ಲಿಂದ ಬಂತು? ಮಳೆಗಾಲದ ಮಂಗಳೂರಿನಲ್ಲಿ 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ, ಆವಿಯಿಂದ ಪೂರ್ಣವಾಗಿ ತುಂಬಿದ ಗಾಳಿಯನ್ನು ತೆಗೆದುಕೊಳ್ಳೋಣ. ಒಂದು ಘನಮೀಟರಿನಲ್ಲಿ ಸುಮಾರು 30 ಗ್ರಾಂ ಆವಿ ಇರುತ್ತದೆ. ಅಂಥ ಏಳು ಘನಮೀಟರ್ ಗಾಳಿಯನ್ನು ಒಂದು ಘನಮೀಟರಿಗೆ ಅದುಮಿ, ಮತ್ತೆ ಅದೇ ಉಷ್ಣತೆಗೆ ತಣಿಸಿದರೆ, ಅದರಲ್ಲಿ ಆವಿಯಾಗಿ ನಿಲ್ಲಬಲ್ಲುದು 30 ಗ್ರಾಂ ಮಾತ್ರ. ಉಳಿದ 180 ಗ್ರಾಂ ನೀರಾಗಿ ಇಳಿಯುತ್ತದೆ. ಆದುದರಿಂದ ಗಾಳಿಯ ತೊಟ್ಟಿಯ ತಳದ ನೀರನ್ನು ದಿನವೂ ಬಸಿಯಬೇಕು. ಯಂತ್ರಕ್ಕೆ ಹೋಗುವ ಗಾಳಿ ಮೊದಲು ಶೋಧಕವನ್ನು, ಆಮೇಲೆ ಒತ್ತಡನಿಯಂತ್ರಕವನ್ನು, ಕೊನೆಗೆ ಎಣ್ಣೆ ಹನಿಸುವ ಪಾತ್ರೆಯನ್ನು ದಾಟಿಬರಬೇಕು. ಅಂಥ ಪಾತ್ರೆ ಇಲ್ಲದಿದ್ದರೆ ಕೆಲಸಕ್ಕೆ ಮುನ್ನ ಗಾಳಿಯಂತ್ರದ ಎಣ್ಣೆಯ ಕೆಲವು ಹನಿಗಳನ್ನು ಒಳಬಾಯಿಗೆ ಬಿಡುವುದುಂಟು. ನಿಗದಿಯಾದ ಅವಧಿಗೊಮ್ಮೆಯೂ, ಪ್ರತಿ ದುರಸ್ತಿಯ ಬಳಿಕವೂ ಭಾರವಿಲ್ಲದ ವೇಗವನ್ನು ವೇಗಮಾಪಕದಿಂದ ಅಳೆಯಬೇಕು. ಹೀಗೆ ಯಂತ್ರದ ಪಾಲನೆಯೇ ಮನುಷ್ಯನ ರಕ್ಷಣೆಯಾಗುತ್ತದೆ.

ಕೈಯಲ್ಲಿ ಹಿಡಿದಾಗ

ಬಿಲ್ಲೆಯನ್ನು ಬದಲಿಸುವ ಮುನ್ನ ಗಾಳಿಯ ಕೊಳವೆಯನ್ನು ಕಳಚಿ, ಒಳಗುಳಿದ ಗಾಳಿಯನ್ನು ಹೊರಬಿಡಬೇಕು. ಬಿರುಕು ಬಿಟ್ಟ, ಕೈಜಾರಿ ಬಿದ್ದ, ನೀರಲ್ಲಿ ನೆನೆದ, ಅವಧಿ ಮುಗಿದ ಬಿಲ್ಲೆಗಳನ್ನು ಎಸೆದುಬಿಡಬೇಕು. ಹೊಸ ಬಿಲ್ಲೆಯನ್ನು ಯಾರೂ ಇಲ್ಲದ ದಿಕ್ಕಿಗೆ ತಿರುಗಿಸಿ ಒಂದು ನಿಮಿಷ ಬರಿದೇ ಓಡಿಸಿ ನೋಡುವುದು ಒಳ್ಳೆಯದು. ಕತ್ತರಿಸುವ ತೆಳುಬಿಲ್ಲೆಯ ಪಕ್ಕದಿಂದ ಉಜ್ಜುವುದು ಸಲ್ಲದು. ಅಂಚಿನ ಸೆಳೆತವನ್ನು ತಾಳುವಂತೆ ಮಾಡಿದ ಬಿಲ್ಲೆ, ಬಾಗುವಿಕೆಯನ್ನು ತಾಳಲಾರದು. ಸೀಳಿನಲ್ಲಿ ಬಿಲ್ಲೆ ಸಿಕ್ಕಿಕೊಂಡರೆ ಯಂತ್ರ ಹಿಂದಕ್ಕೆ ಒದೆಯುತ್ತದೆ. ಆದಕಾರಣ ಎರಡು ಕೈಗಳಿಂದಲೂ ಹಿಡಿದು, ಬಿಲ್ಲೆಯ ನೇರಕ್ಕೆ ನಿಲ್ಲದೆ ಪಕ್ಕಕ್ಕೆ ನಿಲ್ಲಬೇಕು. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚಳ ಅವಶ್ಯಕ. ಅದುಮಿದ ಗಾಳಿಯಿಂದ ಮೈಮೇಲಿನ ಧೂಳನ್ನು ಊದಿಕೊಳ್ಳುವ ಚಾಳಿ ಅಪಾಯಕರ.

ಒಡನೆ ತೋರದ ಹಾನಿಗಳೂ ಉಂಟು. ಗ್ರಾನೈಟಿನ ಧೂಳಿನಲ್ಲಿರುವ ಸಿಲಿಕಾದ ಕಣಗಳು ಕಣ್ಣಿಗೆ ಕಾಣದಷ್ಟು ಸಣ್ಣವು. ಅವು ಶ್ವಾಸಕೋಶದ ಆಳಕ್ಕಿಳಿದು ವರ್ಷಗಳ ಮೇಲೆ ಸಿಲಿಕೋಸಿಸ್ ಎಂಬ ರೋಗವನ್ನು ತರುತ್ತವೆ. ಹೋದ ಶ್ವಾಸಕೋಶವನ್ನು ಮರಳಿಸುವ ಔಷಧವಿಲ್ಲ. ಕಲ್ಲಿಗೆ ನೀರು ಹರಿಸುತ್ತ ಉಜ್ಜುವುದೂ, ತಕ್ಕ ಮುಖವಾಡ ಧರಿಸುವುದೂ ಇದಕ್ಕೆ ಪರಿಹಾರ. ನೀರಿನೊಡನೆ ನಿರ್ಭಯವಾಗಿ ಕೆಲಸಮಾಡಬಲ್ಲ ಗಾಳಿಯಂತ್ರದ ಗುಣ ಇಲ್ಲಿ ವರವಾಗುತ್ತದೆ. ಎರಡನೆಯದು ಕಂಪನ. 1918ರಲ್ಲಿ ಅಮೆರಿಕದ ವೈದ್ಯೆ ಆಲಿಸ್ ಹ್ಯಾಮಿಲ್ಟನ್ ಇಂಡಿಯಾನಾದ ಬೆಡ್‌ಫರ್ಡಿನಲ್ಲಿ ಗಾಳಿಯ ಸುತ್ತಿಗೆ ಹಿಡಿದು ಸುಣ್ಣಕಲ್ಲನ್ನು ಕೆತ್ತುತ್ತಿದ್ದವರನ್ನು ಪರೀಕ್ಷಿಸಿದರು. ಚಳಿಯಲ್ಲಿ ಅವರ ಬೆರಳುಗಳು ಬಿಳಿಚಿ ಮರಗಟ್ಟುತ್ತಿದ್ದವು. ಹಿಗ್ಗಿ ತಣ್ಣಗಾದ ಗಾಳಿ ಕೈಗೆ ಬಡಿಯದಂತೆ ನೋಡಿಕೊಳ್ಳುವುದೂ, ಸವೆದು ಅದುರುವ ಬಿಲ್ಲೆಯನ್ನು ಬದಲಿಸುವುದೂ, ನಡುನಡುವೆ ಕೈಗೆ ವಿಶ್ರಾಂತಿ ಕೊಡುವುದೂ ಈ ಕಾರಣಕ್ಕಾಗಿಯೇ.

ಕಾಲೇಜಿನ ಕಮ್ಮಟದಲ್ಲಿ ಇಂಥ ಯಂತ್ರ ನಿಮ್ಮ ಕೈಗೆ ಬಂದಾಗ, ಯಂತ್ರದ ಮೇಲಿನ ಸುತ್ತುಗಳ ಸಂಖ್ಯೆಯನ್ನೂ ಬಿಲ್ಲೆಯ ಮೇಲಿನ ಸಂಖ್ಯೆಯನ್ನೂ ಓದಿ ಹೋಲಿಸಿ. ಯಂತ್ರದ್ದು ಬಿಲ್ಲೆಯದಕ್ಕಿಂತ ಹೆಚ್ಚಾಗಿದ್ದರೆ ಗುಂಡಿಯನ್ನು ಒತ್ತಬೇಡಿ. ಬೇರೆ ಬಿಲ್ಲೆಯನ್ನು ಹುಡುಕಿ.