ಕಂಪ್ಯೂಟರಿನ ಕ್ಯಾಮರಾದಲ್ಲಿ ಚಿತ್ರ ಮಸುಕಾದರೆ

ಅಡಿಕೆ ಸೋಗೆಯಲ್ಲಿ ಚುಕ್ಕೆ ಕಂಡೊಡನೆ ಅದನ್ನು ಚೀಲಕ್ಕೆ ಹಾಕಿಕೊಂಡು ಬೈಂದೂರಿನ ಒಳನಾಡಿನಿಂದ ಬ್ರಹ್ಮಾವರದ ಕೃಷಿ ವಿಜ್ಞಾನ ಕೇಂದ್ರಕ್ಕೆ ಹೊರಟರೆ ಆ ದಿನದ ತೋಟದ ಕೆಲಸ ನಿಂತಂತೆಯೇ. ಮನೆಯ ಕಂಪ್ಯೂಟರಿನ ಎದುರು ಕುಳಿತು ವೀಡಿಯೊ ಕರೆಯಲ್ಲಿ ತಿಳಿದವರಿಗೆ ಎಲೆಯನ್ನು ತೋರಿಸುವ ಅನುಕೂಲ ಈಗ ಇದೆ. ಆದರೆ ಎಲೆಚುಕ್ಕಿ ರೋಗದ ಮುಖ್ಯ ಗುರುತು ಕಂದು ಚುಕ್ಕೆಯ ಸುತ್ತಲಿನ ಹಳದಿ ಅಂಚು. ಚಿತ್ರ ಮಸುಕಾಗಿ ಆ ಅಂಚೇ ಕಾಣದಿದ್ದರೆ ನೋಡಿದವರು ತಾನೇ ಏನು ಹೇಳಿಯಾರು? ಔಷಧಿ, ಕೂಲಿ ಎಲ್ಲ ಖರ್ಚೂ ಆ ಮಾತಿನ ಮೇಲೆ ನಿಂತಿರುತ್ತದೆ.

ದೋಷ ಎಲ್ಲಿದೆ ಎಂಬುದನ್ನು ಮೊದಲು ಗೊತ್ತುಮಾಡಿಕೊಳ್ಳಬೇಕು. ಕರೆಯನ್ನು ನಿಲ್ಲಿಸಿ, ಕಂಪ್ಯೂಟರಿನಲ್ಲೇ ಇರುವ ಕ್ಯಾಮರಾ ಅಪ್ಲಿಕೇಶನ್ನಿನಲ್ಲಿ ಹತ್ತು ಸೆಕೆಂಡು ಚಿತ್ರಿಸಿ ನೋಡಿ. ಅಲ್ಲಿ ಸ್ವಚ್ಛವಾಗಿದ್ದು ಕರೆಯಲ್ಲಿ ಮಾತ್ರ ಕೆಟ್ಟರೆ ತಪ್ಪು ಇಂಟರ್‌ನೆಟ್ಟಿನದು. ಸಂಪರ್ಕ ದುರ್ಬಲವಾದಾಗ ಚಿತ್ರದ ಗುಣಮಟ್ಟ ತಾನಾಗಿಯೇ ತಗ್ಗುತ್ತದೆ. ರೂಟರಿನ ಬಳಿ ಕುಳಿತರೆ, ಇಲ್ಲವೇ ಕೇಬಲ್ ಹಾಕಿಕೊಂಡರೆ ಸುಧಾರಿಸೀತು.

ಅಲ್ಲಿಯೂ ಮಸುಕಾಗಿದ್ದರೆ ಬಹುಪಾಲು ಬೆಳಕಿನ ಕೊರತೆಯೇ ಕಾರಣವೆಂಬುದು ನಾವು ಕಂಡ ಸಂಗತಿ. ಇಳಿಮಾಡಿನ ಹೆಂಚಿನ ಮನೆಗಳ ಚಾವಡಿ ಮಳೆಗಾಲದ ಮಧ್ಯಾಹ್ನದಲ್ಲೂ ಕತ್ತಲೆ. ನಮ್ಮ ಕಣ್ಣು ಅದಕ್ಕೆ ಹೊಂದಿಕೊಳ್ಳುವುದರಿಂದ ನಮಗದು ತಿಳಿಯುವುದಿಲ್ಲ. ಕ್ಯಾಮರಾ ಮಾತ್ರ ಸಿಕ್ಕಿದ ಅಲ್ಪ ಬೆಳಕನ್ನೇ ಹಿಗ್ಗಿಸಿಕೊಳ್ಳುತ್ತದೆ. ಆಗ ಚಿತ್ರದಲ್ಲಿ ರವೆ ಚೆಲ್ಲಿದಂತೆ ಕಾಣುತ್ತದೆ, ಕೈ ಅಲುಗಿದರೆ ಎಳೆದಂತಾಗುತ್ತದೆ. ಅಂಗಳಕ್ಕೆ ಬೆನ್ನು ಹಾಕಿ ಕುಳಿತರಂತೂ ಕ್ಯಾಮರಾ ಅಂಗಳದ ಬೆಳಕನ್ನೇ ಲೆಕ್ಕ ಹಿಡಿದು ಎಲೆಯನ್ನು ಕಪ್ಪಾಗಿಸುತ್ತದೆ. ಕಿಟಕಿಗೆ ಮುಖ ಮಾಡಿ ಕುಳಿತುಕೊಳ್ಳುವುದು ಒಳ್ಳೆಯದು. ಟ್ಯೂಬ್‌ಲೈಟಿನಡಿ ಅಡ್ಡಪಟ್ಟಿಗಳು ಓಡಿದಂತೆ ಕಂಡರೆ ಕ್ಯಾಮರಾ ಸೆಟ್ಟಿಂಗಿನಲ್ಲಿ 60 ಹರ್ಟ್ಸ್ ಎಂದಿರುವುದನ್ನು ನಮ್ಮ ವಿದ್ಯುತ್ತಿಗೆ ತಕ್ಕಂತೆ 50ಕ್ಕೆ ಬದಲಿಸಬೇಕು.

ಎಲೆಯನ್ನು ಕ್ಯಾಮರಾಕ್ಕೆ ಮುತ್ತಿಕ್ಕುವಷ್ಟು ಹತ್ತಿರ ಹಿಡಿಯುವ ಅಭ್ಯಾಸ ಅನೇಕರಲ್ಲಿದೆ. ಅಗ್ಗದ ಕ್ಯಾಮರಾಗಳ ಫೋಕಸ್ ಸ್ಥಿರವಾದುದು, ತೀರ ಹತ್ತಿರದ ವಸ್ತು ಅದಕ್ಕೆ ಸ್ಪಷ್ಟವಾಗದು. ಒಂದು ಮೊಳ ದೂರವಿರಲಿ. ಹಿಂದೆ ಬಿಳಿ ಕಾಗದ ಹಿಡಿಯಿರಿ. ಬರೀ ಹಸುರೇ ತುಂಬಿದಾಗ ಕ್ಯಾಮರಾ ಬಣ್ಣ ತಪ್ಪುವುದುಂಟು. ಗಾಜಿನ ಮೇಲಿನ ಪ್ಲಾಸ್ಟಿಕ್ ಪೊರೆ ತೆಗೆದಿದ್ದೀರಾ ಎಂದೂ ನೋಡಿಕೊಳ್ಳಿ. ಗಾಜನ್ನು ಒರೆಸಲು ಶುಭ್ರವಾದ ಮೆತ್ತನೆಯ ಬಟ್ಟೆಯೇ ಬೇಕು. ತೋಟದಿಂದ ಬಂದ ಪಂಚೆಯ ತುದಿ ಬೇಡ, ಮಣ್ಣಿನ ಕಣ ಗೀರೀತು.

ಕಾಫಿ ಬೆಳೆಗಾರರಿಗೆ ಒಂದು ಸ್ವಾರಸ್ಯ. 1991ರಲ್ಲಿ ಕೇಂಬ್ರಿಜ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಪ್ರಯೋಗಾಲಯದವರು ಇಂಥ ಕ್ಯಾಮರಾವನ್ನು ಹೂಡಿದ್ದು ಕಾಫಿ ಪಾತ್ರೆಯ ಎದುರು, ಅದು ಖಾಲಿಯೋ ತುಂಬಿದೆಯೋ ಎಂದು ಕುಳಿತಲ್ಲಿಂದಲೇ ತಿಳಿಯಲು! ಅಡ್ಡ 128, ಉದ್ದ 128 ಬಿಂದುಗಳ ಕಪ್ಪು-ಬಿಳುಪು ಚಿತ್ರ. ಅವರ ಕಾರ್ಯಕ್ಕೆ ಅಷ್ಟು ಸಾಕಾಯಿತು. ನಮಗೆ 1280×720, ಅಂದರೆ 9 ಲಕ್ಷಕ್ಕೆ ಮಿಕ್ಕಿದ ಬಿಂದುಗಳಾದರೂ ಬೇಕು. ಕ್ಯಾಮರಾಕ್ಕೆ ಆ ಶಕ್ತಿ ಇದ್ದರೂ ಸೆಟ್ಟಿಂಗ್ 640×480ರಲ್ಲೇ ಉಳಿದಿರಬಹುದು. ಹೊಸತನ್ನು ತರಲು ಕುಂದಾಪುರದ ಪೇಟೆಗೆ ಹೊರಡುವ ಮೊದಲು ಇದಿಷ್ಟನ್ನು ಪರೀಕ್ಷಿಸಿರಿ.

ಇಷ್ಟಾದರೂ ಹಳದಿ ಅಂಚು ಕಾಣದಿದ್ದರೆ ಹಗಲಲ್ಲಿ ಅಂಗಳದ ನೆರಳಿನಲ್ಲಿ ಎಲೆಯಿಟ್ಟು ಮೊಬೈಲಿನ ಹಿಂಬದಿಯ ಕ್ಯಾಮರಾದಿಂದ ಫೋಟೋ ತೆಗೆದು ಕಳುಹಿಸಿ, ಮಾತನ್ನು ಕಂಪ್ಯೂಟರಿನಲ್ಲಿ ಮುಂದುವರಿಸಬಹುದು.