ಕುಂಡದಲ್ಲಿ ಓಕ್ ಮರದ ಪಾಲನೆ

ಕುಂಡದಲ್ಲಿ ಓಕ್ ಮರದ ಪಾಲನೆ ಎಂಬುದು ಓಕ್ ಸಸಿಯನ್ನು ನೆಲದಲ್ಲಿ ನೆಡದೆ, ಕುಂಡದಲ್ಲಿ ನೆಟ್ಟು ಮನೆಯ ಒಳಗೆ ಅಥವಾ ಜಗಲಿ, ಬಾಲ್ಕನಿ, ತಾರಸಿಗಳಲ್ಲಿ ಬೆಳೆಸುವ ತೋಟಗಾರಿಕಾ ಕ್ರಮ. ಬೆಂಗಳೂರಿನಲ್ಲಿ ‘ಓಕ್’ ಎಂಬ ಹೆಸರು ಪರಸ್ಪರ ಸಂಬಂಧವಿಲ್ಲದ ಎರಡು ಬಗೆಯ ಮರಗಳಿಗೆ ಬಳಕೆಯಲ್ಲಿದೆ. ಒಂದು ಕ್ವರ್ಕಸ್ ಕುಲಕ್ಕೆ ಸೇರಿದ ನಿಜವಾದ ಓಕ್. ಇನ್ನೊಂದು ಸಿಲ್ವರ್ ಓಕ್. ಚಳಿ, ಬೆಳಕು ಮತ್ತು ಗೊಬ್ಬರದ ವಿಷಯದಲ್ಲಿ ಇವೆರಡರ ಅಗತ್ಯಗಳು ಬೇರೆಬೇರೆ. ಆದ್ದರಿಂದ ಗಿಡ ಯಾವುದೆಂದು ಗುರುತಿಸುವುದೇ ಪಾಲನೆಯ ಮೊದಲ ಹಂತವಾಗಿದೆ.

ಹೆಸರು ಮತ್ತು ಗುರುತು

ಕ್ವರ್ಕಸ್ ಕುಲವು ಫ್ಯಾಗೇಸೀ ಕುಟುಂಬಕ್ಕೆ ಸೇರಿದೆ. ಇದರಲ್ಲಿ 400ಕ್ಕೂ ಹೆಚ್ಚು ಪ್ರಭೇದಗಳಿವೆ. ಭಾರತದಲ್ಲಿ ಇವು ಹಿಮಾಲಯ ಮತ್ತು ಈಶಾನ್ಯದ ಬೆಟ್ಟಗಳಲ್ಲಿ ಸಹಜವಾಗಿ ಬೆಳೆಯುತ್ತವೆ; ಕರ್ನಾಟಕದ ಕಾಡುಗಳಲ್ಲಿ ಇಲ್ಲ. ಬಟ್ಟಲಿನಲ್ಲಿ ಕುಳಿತಂತೆ ಕಾಣುವ ಕಾಯಿ ಇವುಗಳ ಮುಖ್ಯ ಗುರುತು.

ಸಿಲ್ವರ್ ಓಕ್ ಮರದ ವೈಜ್ಞಾನಿಕ ಹೆಸರು ಗ್ರೆವಿಲ್ಲಿಯಾ ರೊಬಸ್ಟಾ. ಇದು ಪ್ರೋಟಿಯೇಸೀ ಕುಟುಂಬದ, ಪೂರ್ವ ಆಸ್ಟ್ರೇಲಿಯಾ ಮೂಲದ ಮರ. ಕೊಡಗು, ಚಿಕ್ಕಮಗಳೂರು ಮತ್ತು ಹಾಸನದ ಕಾಫಿ ತೋಟಗಳಲ್ಲಿ ನೆರಳಿಗೂ ಕಾಳುಮೆಣಸಿನ ಬಳ್ಳಿಗೆ ಆಸರೆಯಾಗಿಯೂ ಇದನ್ನು ವ್ಯಾಪಕವಾಗಿ ಬೆಳೆಸಲಾಗುತ್ತದೆ. ಜರೀಗಿಡದಂತೆ ಸೀಳಿದ ಎಲೆ, ಎಲೆಯ ಅಡಿಭಾಗದ ಬೆಳ್ಳಿ ಬಣ್ಣ, ಕಿತ್ತಳೆ ಛಾಯೆಯ ಹೊಂಬಣ್ಣದ ಹೂಗೊಂಚಲು ಇದರ ಲಕ್ಷಣಗಳು. ಇದರ ಬೀಜಗಳಿಗೆ ತೆಳುವಾದ ರೆಕ್ಕೆಗಳಿರುತ್ತವೆ.

ಬೆಂಗಳೂರು ದಂಡು ಪ್ರದೇಶದಲ್ಲಿ

1809ರಲ್ಲಿ ಬ್ರಿಟಿಷರು ಹಲಸೂರಿನ ಆಸುಪಾಸಿನಲ್ಲಿ ದಂಡು ಪ್ರದೇಶವನ್ನು ಸ್ಥಾಪಿಸಿದರು. ಅಲ್ಲಿನ ಬಂಗಲೆಗಳಿಗೆ ವಿಶಾಲ ಆವರಣವೂ ಮುಂಭಾಗದಲ್ಲಿ ಜಗಲಿಯೂ ಇದ್ದವು. ಬಿಸಿಲು ನೇರವಾಗಿ ಬೀಳದ, ಆದರೆ ಬೆಳಕು ಮತ್ತು ಗಾಳಿ ಧಾರಾಳವಾಗಿರುವ ಇಂತಹ ಜಗಲಿ ಕುಂಡದ ಗಿಡಗಳಿಗೆ ಅನುಕೂಲಕರ. ಎಳೆಯ ಸಿಲ್ವರ್ ಓಕ್ ಅನ್ನು ಎಲೆಯ ಅಂದಕ್ಕಾಗಿ ಒಳಾಂಗಣದಲ್ಲಿ ಇಡುವ ರೂಢಿ ಯುರೋಪಿನಲ್ಲಿಯೂ ಇದೆ. ಇಂದಿನ ಇಂದಿರಾನಗರ, ಕೆ. ಆರ್. ಪುರ ಭಾಗದ ವಸತಿ ಸಮುಚ್ಚಯಗಳಲ್ಲಿ ಜಗಲಿಯ ಸ್ಥಾನವನ್ನು ಬಾಲ್ಕನಿ ಪಡೆದಿದೆ. ಎದುರಿನ ಕಟ್ಟಡ ಎಷ್ಟು ಹತ್ತಿರದಲ್ಲಿದೆ ಎಂಬುದರ ಮೇಲೆ ಬಾಲ್ಕನಿಯ ಬೆಳಕು ನಿರ್ಧಾರವಾಗುತ್ತದೆ.

ಹವಾಮಾನದ ಮಿತಿ

ಎಲೆ ಉದುರಿಸುವ ಓಕ್ ಪ್ರಭೇದಗಳು ಚಳಿಗಾಲದಲ್ಲಿ ಕೆಲವು ವಾರ ಬೆಳವಣಿಗೆಯನ್ನು ನಿಲ್ಲಿಸಿ ವಿಶ್ರಮಿಸುತ್ತವೆ. ಹಗಲು ಕುಗ್ಗುವುದು ಮತ್ತು ಚಳಿ ಹೆಚ್ಚುವುದು ಇದಕ್ಕೆ ಸೂಚನೆಗಳು. ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿರುವ ಬೆಂಗಳೂರಿನಲ್ಲಿ ವರ್ಷದ ಅತಿ ದೀರ್ಘ ಮತ್ತು ಅತಿ ಹ್ರಸ್ವ ಹಗಲುಗಳ ನಡುವೆ ಇರುವ ಅಂತರ ಸುಮಾರು ಒಂದೂವರೆ ಗಂಟೆ ಮಾತ್ರ. ನಗರದಲ್ಲಿ ದಾಖಲಾಗಿರುವ ಅತಿ ಕಡಿಮೆ ಉಷ್ಣಾಂಶ 7.8 ಡಿಗ್ರಿ ಸೆಲ್ಸಿಯಸ್. ಅದು 1884ರ ಜನವರಿ 13ರಂದು ದಾಖಲಾಯಿತು. ಅಂದರೆ ಶೀತ ದೇಶದ ಓಕ್‌ಗೆ ವಾರಗಟ್ಟಲೆ ಬೇಕಾದ ಚಳಿ ಇಲ್ಲಿ ಒಂದು ರಾತ್ರಿಯ ಮಟ್ಟಿಗೂ ಅಪರೂಪ.

ಮನೆಯೊಳಗೆ ಈ ಕೊರತೆ ಇನ್ನೂ ಹೆಚ್ಚುತ್ತದೆ. ವಿಶ್ರಾಂತಿಯಿಲ್ಲದೆ, ಮಂದ ಬೆಳಕಿನಲ್ಲಿ ಚಿಗುರುತ್ತಲೇ ಇರುವ ಗಿಡವು ತಾನು ತಯಾರಿಸುವುದಕ್ಕಿಂತ ಹೆಚ್ಚು ಆಹಾರವನ್ನು ವ್ಯಯಿಸುತ್ತದೆ. ಮೊದಲ ವರ್ಷ ಕಾಯಿಯಲ್ಲಿನ ಸಂಗ್ರಹದ ಬಲದಿಂದ ಸಸಿ ಚೆನ್ನಾಗಿ ಬೆಳೆದಂತೆ ಕಂಡರೂ ನಂತರ ಕಾಂಡ ಸಣಕಲಾಗಿ, ಎಲೆ ಚಿಕ್ಕದಾಗಿ ಕ್ರಮೇಣ ಸೊರಗುತ್ತದೆ. ಇದನ್ನು ನೀರು ಅಥವಾ ಗೊಬ್ಬರದ ಕೊರತೆಯೆಂದು ಭಾವಿಸಿ ಎರಡನ್ನೂ ಹೆಚ್ಚಿಸಿದರೆ ಬೇರು ಕೊಳೆಯುವ ಸಾಧ್ಯತೆ ಇದೆ. ಹೀಗಾಗಿ ಬೆಂಗಳೂರಿನಲ್ಲಿ ನಿಜವಾದ ಓಕ್ ಅನ್ನು ತಾರಸಿಯಲ್ಲಿ ಅಥವಾ ತೆರೆದ ಬಾಲ್ಕನಿಯಲ್ಲಿ ಬೆಳೆಸುವುದು ಸೂಕ್ತ. ಒಳಾಂಗಣದಲ್ಲಿ ಒಂದೆರಡು ದಿನ ಮಾತ್ರ ಪ್ರದರ್ಶನಕ್ಕೆ ಇಡಬಹುದು. ಹಿಮಾಲಯದ ಬಾಂಜ್ ಓಕ್‌ನಂತಹ ನಿತ್ಯಹರಿದ್ವರ್ಣ ಪ್ರಭೇದಗಳು ಹೋಲಿಕೆಯಲ್ಲಿ ಇಲ್ಲಿನ ಹವೆಗೆ ಹೆಚ್ಚು ಹೊಂದುತ್ತವೆ. ಸಿಲ್ವರ್ ಓಕ್‌ಗೆ ಚಳಿಗಾಲದ ವಿಶ್ರಾಂತಿ ಅಗತ್ಯವಿಲ್ಲ. ಎಳೆಯ ಗಿಡವನ್ನು ಪ್ರಕಾಶಮಾನವಾದ ಕಿಟಕಿಯ ಬಳಿ ಕೆಲವು ವರ್ಷ ಇರಿಸಿಕೊಳ್ಳಬಹುದು.

ಬೀಜ ಮತ್ತು ಸಸಿ

ಓಕ್ ಕಾಯಿಯು ಒಣಗಿದರೆ ಮೊಳಕೆಯ ಶಕ್ತಿಯನ್ನು ಕಳೆದುಕೊಳ್ಳುತ್ತದೆ; ಧಾನ್ಯದಂತೆ ಒಣಗಿಸಿ ಕೂಡಿಡಲು ಬರುವುದಿಲ್ಲ. ನೀರಿನಲ್ಲಿ ತೇಲುವ ಕಾಯಿಗಳು ಸಾಮಾನ್ಯವಾಗಿ ಹುಳು ತಿಂದವು ಅಥವಾ ಒಣಗಿದವು. ಕೆಂಪು ಓಕ್ ಗುಂಪಿನ ಕಾಯಿಗಳನ್ನು ತೇವವಾದ ಮರಳಿನೊಂದಿಗೆ ಫ್ರಿಜ್‌ನಲ್ಲಿ ಕೆಲವು ವಾರ ಇರಿಸಿದ ನಂತರ ಬಿತ್ತಲಾಗುತ್ತದೆ. ವಿದೇಶದಿಂದ ಬೀಜ ಅಥವಾ ಸಸಿ ತರುವುದಕ್ಕೆ 2003ರ ಸಸ್ಯ ಸಂಗರೋಧ ಆದೇಶದ ನಿಯಮಗಳು ಅನ್ವಯಿಸುತ್ತವೆ. ಆಮದು ಪರವಾನಗಿ ಮತ್ತು ಸಸ್ಯ ಆರೋಗ್ಯ ಪ್ರಮಾಣಪತ್ರ ಅಗತ್ಯ. ಪ್ರವಾಸದಿಂದ ಮರಳುವಾಗ ಜೇಬಿನಲ್ಲಿ ತಂದ ನಾಲ್ಕು ಕಾಯಿಗಳಿಂದಲೂ ಹೊಸ ಕೀಟ, ರೋಗಗಳು ದೇಶದೊಳಗೆ ಬರಬಲ್ಲವು.

ಕುಂಡ, ಮಣ್ಣು ಮತ್ತು ಗೊಬ್ಬರ

ಓಕ್ ಸಸಿ ಮೊದಲು ತಾಯಿಬೇರನ್ನು ಆಳಕ್ಕೆ ಇಳಿಸುತ್ತದೆ. ಆದ್ದರಿಂದ ಅಗಲಕ್ಕಿಂತ ಆಳ ಹೆಚ್ಚಿರುವ, ತಳದಲ್ಲಿ ರಂಧ್ರಗಳಿರುವ ಕುಂಡ ಬೇಕು. ಕೆಂಪು ಮಣ್ಣು, ದಪ್ಪ ಮರಳು ಮತ್ತು ಚೆನ್ನಾಗಿ ಕಳಿತ ಎಲೆಗೊಬ್ಬರದ ಮಿಶ್ರಣ ನೀರು ನಿಲ್ಲದಂತೆ ತಡೆಯುತ್ತದೆ. ಬೇರು ಕುಂಡದ ಒಳಗೆ ಸುತ್ತಿಕೊಂಡಾಗ ಗಿಡವನ್ನು ತೆಗೆದು, ಸುತ್ತಿದ ಬೇರುಗಳನ್ನು ಕತ್ತರಿಸಿ, ಹೊಸ ಮಣ್ಣಿನಲ್ಲಿ ನೆಡಬೇಕು.

ನಿಜವಾದ ಓಕ್‌ನ ಬೇರುಗಳು ಶಿಲೀಂಧ್ರಗಳೊಡನೆ ಸಹಜೀವನ ನಡೆಸಿ ಪೋಷಕಾಂಶಗಳನ್ನು ಪಡೆಯುತ್ತವೆ. ಸಿಲ್ವರ್ ಓಕ್ ರಂಜಕ ವಿರಳವಾಗಿರುವ ಮಣ್ಣಿನಿಂದಲೂ ಅದನ್ನು ಹೀರಬಲ್ಲ ಗುಚ್ಛಬೇರುಗಳನ್ನು ಬೆಳೆಸುತ್ತದೆ. ಆದ್ದರಿಂದ ಮೂಳೆಪುಡಿ, ಸೂಪರ್ ಫಾಸ್ಫೇಟ್‌ನಂತಹ ರಂಜಕ ಹೆಚ್ಚಿರುವ ಗೊಬ್ಬರ ಅದಕ್ಕೆ ಹಾನಿ ಮಾಡಬಲ್ಲದು.

ನೀರು

ಮೇಲಿನ ಒಂದು ಅಂಗುಲ ಮಣ್ಣು ಒಣಗಿದ ಮೇಲೆ, ನೀರು ತಳದ ರಂಧ್ರದಿಂದ ಹೊರಬರುವವರೆಗೆ ಹಾಕಬೇಕು. ಮಾರ್ಚ್‌ನಿಂದ ಮೇವರೆಗೆ ಇದು ಹೆಚ್ಚು ಬಾರಿ, ಮಳೆಗಾಲದಲ್ಲಿ ಕಡಿಮೆ ಬಾರಿ ಬೇಕಾಗುತ್ತದೆ. ಕೆ. ಆರ್. ಪುರ ಮತ್ತು ಅದರಾಚೆಯ ಹಲವು ಬಡಾವಣೆಗಳು ಬಹುಕಾಲ ಕೊಳವೆಬಾವಿ ಹಾಗೂ ಟ್ಯಾಂಕರ್ ನೀರನ್ನು ಅವಲಂಬಿಸಿದ್ದವು. ನಗರದ ಹೊರವಲಯದ 110 ಹಳ್ಳಿಗಳಿಗಾಗಿ ರೂಪಿಸಿದ ಕಾವೇರಿ ಐದನೇ ಹಂತದ ಯೋಜನೆ 2024ರ ಅಕ್ಟೋಬರ್ 16ರಂದು ಉದ್ಘಾಟನೆಯಾಯಿತು. ಕೊಳವೆಬಾವಿಯ ಗಡಸು ನೀರನ್ನು ನಿರಂತರವಾಗಿ ಬಳಸಿದರೆ ಮಣ್ಣು ಕ್ಷಾರೀಯವಾಗಿ, ಗಿಡಕ್ಕೆ ಕಬ್ಬಿಣದ ಅಂಶ ದೊರೆಯದೆ, ನರಗಳು ಹಸಿರಾಗಿಯೇ ಉಳಿದು ಎಳೆಯ ಎಲೆಗಳು ಹಳದಿಯಾಗುತ್ತವೆ. ಸಂಗ್ರಹಿಸಿದ ಮಳೆನೀರು ಇದಕ್ಕೆ ಸರಳ ಪರಿಹಾರ.

ಕುಂಡದ ಕೆಳಗಿನ ತಟ್ಟೆಯಲ್ಲಿ ನಿಲ್ಲುವ ನೀರಿನಲ್ಲಿ ಡೆಂಗಿ ಹರಡುವ ಈಡಿಸ್ ಸೊಳ್ಳೆ ಮೊಟ್ಟೆಯಿಡುತ್ತದೆ. ವಾರಕ್ಕೊಮ್ಮೆಯಾದರೂ ತಟ್ಟೆಯನ್ನು ಬರಿದು ಮಾಡಿ ಉಜ್ಜಿ ತೊಳೆಯಬೇಕು.

ರೋಗ, ಕೀಟ ಮತ್ತು ಎಚ್ಚರಿಕೆ

ತೇವದ ಹವೆಯಲ್ಲಿ ಓಕ್ ಎಲೆಗಳಿಗೆ ಬೂದಿ ರೋಗ ತಗಲಬಹುದು. ಗಾಳಿಯಾಡದ ಒಳಾಂಗಣದಲ್ಲಿ ಹಿಟ್ಟು ತಿಗಣೆ, ಶಲ್ಕ ಕೀಟ ಮತ್ತು ಕೆಂಪು ನುಸಿ ಕಾಣಿಸಿಕೊಳ್ಳುತ್ತವೆ. ಎಲೆ ಒರೆಸುವುದು ಮತ್ತು ಬೇವಿನೆಣ್ಣೆಯ ಸಿಂಪಡಣೆ ಸಾಮಾನ್ಯ ಉಪಚಾರಗಳು. ಸಿಲ್ವರ್ ಓಕ್‌ನ ಸ್ಪರ್ಶದಿಂದ ಕೆಲವರಿಗೆ ಚರ್ಮದ ಉರಿಯೂತ ಉಂಟಾಗುವುದರಿಂದ ಸವರುವಾಗ ಕೈಗವಸು ಧರಿಸಬೇಕು. ಓಕ್ ಕಾಯಿ ಮತ್ತು ಎಲೆಯಲ್ಲಿ ಟ್ಯಾನಿನ್ ಇರುವುದರಿಂದ ಸಾಕುಪ್ರಾಣಿಗಳು ತಿನ್ನದಂತೆ ನೋಡಿಕೊಳ್ಳಬೇಕು.

ನೆಲಕ್ಕೆ ವರ್ಗಾವಣೆ

ಸಿಲ್ವರ್ ಓಕ್ ನೆಲದಲ್ಲಿ 20 ಮೀಟರ್‌ಗೂ ಹೆಚ್ಚು ಎತ್ತರ ಬೆಳೆಯುತ್ತದೆ. ಅದರ ಕೊಂಬೆಗಳು ಗಾಳಿಗೆ ಸುಲಭವಾಗಿ ಮುರಿಯುತ್ತವೆ. ಕುಂಡ ಮೀರಿದ ಗಿಡವನ್ನು ಮನೆಯ ಗೋಡೆ, ವಿದ್ಯುತ್ ತಂತಿ ಅಥವಾ ಇಕ್ಕಟ್ಟಾದ ಪಾದಚಾರಿ ಮಾರ್ಗದ ಬಳಿ ನೆಡುವುದು ಅಪಾಯಕರ. ಅಂತಹ ಜಾಗ ಇಲ್ಲದವರು ಪ್ರತಿವರ್ಷ ಕುಡಿ ಮತ್ತು ಬೇರುಗಳನ್ನು ಸವರಿ ಗಿಡವನ್ನು ಕುಂಡದ ಅಳತೆಯಲ್ಲಿಯೇ ಉಳಿಸಿಕೊಳ್ಳುತ್ತಾರೆ.